ಡ್ರೆನ್ನನ್‌ನವರ ಮಾತು

ಲೀಟಾ ಸತ್ತ ಸಂಜೆ ಅವಳ ಕೈಯಲ್ಲಿ ಪಿಸ್ತೂಲಿತ್ತು. ಅವಳ ಅಪ್ಪ ಆರಿನ್ ಹ್ಯಾಸ್ಕೆಟ್ ತನ್ನ ಅಂಗಡಿಯಿಂದಲೇ ತೆಗೆದುಕೊಟ್ಟ ಪಿಸ್ತೂಲು. ಅವಳು ಟ್ರಿಗರ್ ಎಳೆದಿದ್ದಳು. ಅದು ಟಿಕ್ ಎಂದು ಸುಮ್ಮನಾಯಿತು. ಎದುರಿಗೆ ನಿಂತಿದ್ದ ಗಂಡ ಗ್ಯಾರೆಟ್ ಪ್ರೂಟ್‌ನ ಕೈಯಲ್ಲಿದ್ದ ಹಳೆಯ ರಿವಾಲ್ವರು ಸುಮ್ಮನಾಗಲಿಲ್ಲ.

ಆ ಟಿಕ್ ಸದ್ದನ್ನು ಆರಿನ್ ಕಿವಿಯಾರೆ ಕೇಳಿದವನಲ್ಲ. ಕೋರ್ಟಿನಲ್ಲಿ ಗ್ಯಾರೆಟ್ ತಲೆ ತಗ್ಗಿಸಿಕೊಂಡು ಹೇಳಿದಾಗಲೇ ಅವನಿಗೆ ತಿಳಿದದ್ದು. ಗಂಡ ಹೆಂಡತಿ ಬೇರೆಯಾಗಿ ಕೆಲವು ತಿಂಗಳಾಗಿತ್ತು. ಅವನು ಕುಡಿದು ಬಂದಿದ್ದ, ಮಗುವನ್ನು ನೋಡಬೇಕೆಂದು ಬಾಗಿಲಿಗೆ ಕಾಲು ಕೊಟ್ಟು ನಿಂತಿದ್ದ. ಅವಳು ಪಿಸ್ತೂಲು ಎತ್ತಿದಳು, ಎಳೆದಳು, ಅದು ಹಾರಲಿಲ್ಲ. ಇನ್ನೊಮ್ಮೆ ಎಳೆಯುವಳೆಂಬ ಹೆದರಿಕೆಯಲ್ಲಿ ತಾನು ಹೊಡೆದೆ ಎಂದ. ಮಗುವನ್ನು ನೋಡಲು ಬಂದವನ ಸೊಂಟದಲ್ಲಿ ರಿವಾಲ್ವರು ಏಕಿತ್ತು ಎಂದು ಸರ್ಕಾರಿ ವಕೀಲ ಕೇಳಿದ. ಹುಲ್ಲುಗಾವಲಿನಿಂದ ನೇರ ಬಂದಿದ್ದೆ, ತೆಗೆದಿಡುವುದು ಮರೆತೆ ಎಂದ. ಆಮೇಲೆ ಲೀಟಾಳ ಪಿಸ್ತೂಲಿನಲ್ಲಿ ಸಿಕ್ಕ ತೋಟಾವನ್ನು ಜ್ಯೂರಿಯ ಮುಂದೆ ಹಿಡಿದು ತೋರಿಸಿದರು. ಅದರ ಬೆನ್ನಿನ ಮೇಲೆ ಪಿಸ್ತೂಲಿನ ಒಳಗಿನ ಸೂಜಿ ತಾಕಿದ ಒಂದು ಸಣ್ಣ ಗುಳಿ. ಅವಳು ಮೊದಲು ಎಳೆದಿದ್ದಳು ಎನ್ನುವುದಕ್ಕೆ ಅದೇ ಸಾಕ್ಷಿ. ಬೇಕಾದಾಗ ಬಾಯಿ ಬಿಡದ ಪಿಸ್ತೂಲು ಕೋರ್ಟಿನಲ್ಲಿ ಚೆನ್ನಾಗಿಯೇ ಬಾಯಿ ಬಿಟ್ಟಿತು. ಜ್ಯೂರಿಯವರು ಗ್ಯಾರೆಟ್‌ನನ್ನು ಬಿಟ್ಟು ಕಳಿಸಿದರು. ಆಮೇಲೆ ಕೋರ್ಟು ಮಗು ಟಿಲ್ಲಿಯನ್ನು ಅವನ ಕೈಗೇ ಒಪ್ಪಿಸಿತು, ಅಪ್ಪನಲ್ಲವೇ.

ನೆಬ್ರಾಸ್ಕದ ಮರಳುಗುಡ್ಡಗಳ ನಡುವಿನ ಬಾರ್ಲೋ ಊರಿನಲ್ಲಿ ಹ್ಯಾಸ್ಕೆಟ್ ಅಂಗಡಿ ಎಂದರೆ ಮೊಳೆ, ಮುಳ್ಳುತಂತಿ, ನೀರೆತ್ತುವ ಗಾಳಿಯಂತ್ರದ ಬಿಡಿಭಾಗ, ಮತ್ತು ಹಿಂದಿನ ಗೋಡೆಗೆ ಒಂದು ಸಾಲು ಬಂದೂಕು. ಅಜ್ಜನ ಕಾಲದಿಂದಲೂ ಆ ಸಾಲಿನ ನಡುವಿನ ಜಾಗ ಡ್ರೆನ್ನನ್ ಕಂಪನಿಯದು. ಅಜ್ಜನ ಡ್ರೆನ್ನನ್ ರಿವಾಲ್ವರು ಹಿಮದಲ್ಲಿ ಬಿದ್ದು, ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ, ಮೇಲೆತ್ತಿದಾಗಲೂ ಹಾರಿತ್ತಂತೆ. ಆ ಮನೆಯಲ್ಲಿ ಡ್ರೆನ್ನನ್‌ನವರ ಮಾತೆಂದರೆ ಪಾದ್ರಿಯ ಮಾತಿಗಿಂತ ಒಂದು ಗುಲಗಂಜಿ ಹೆಚ್ಚು. ಹಾಗಾಗಿ ಕಂಪನಿ ಹೊಸ ಪಿಸ್ತೂಲು ತಂದಾಗ ಆರಿನ್ ಒಂದು ಗುಂಡನ್ನೂ ಹಾರಿಸಿ ನೋಡದೆ ಮೂರು ತರಿಸಿದ. ಒಂದು ತನಗೆ, ಮಿಕ್ಕೆರಡು ಕ್ರಿಸ್‌ಮಸ್ ಉಡುಗೊರೆ, ಮಗಳಿಗೊಂದು ಅಳಿಯನಿಗೊಂದು. ಆಗಿನ್ನೂ ಅವರು ಒಂದೇ ಸೂರಿನಡಿ ಇದ್ದರು.

ಅವನದು ಮೊದಲ ದಿನವೇ ಕೈಕೊಟ್ಟಿತು. ಖಾಲಿ ತೋಟಾ ಬಾಯಲ್ಲಿ ಸಿಕ್ಕಿಕೊಂಡು ಕುಳಿತುಬಿಡುತ್ತಿತ್ತು. ಕಂಪನಿಗೆ ಕಳಿಸಿದ. ವಾಪಸು ಬಂತು, ಅದೇ ರೋಗ. ಮತ್ತೆ ಕಳಿಸಿದ. ಹೊಸ ಡಬ್ಬದಲ್ಲಿ, ಕಂಪನಿಯ ಹೆಸರಿದ್ದ ಒಂದು ಟೋಪಿಯ ಜೊತೆ ವಾಪಸು ಬಂತು; ಅದೇ ರೋಗ. ಟೋಪಿಯನ್ನು ಒಲೆಗೆ ಹಾಕಿದ. ಆದರೆ ಮಗಳಿಗೆ ಫೋನು ಮಾಡಿ, ನಿನ್ನದನ್ನೂ ಒಮ್ಮೆ ಹಾರಿಸಿ ನೋಡಮ್ಮ ಎಂದು ಹೇಳಲಿಲ್ಲ. ತನಗೆ ಸಿಕ್ಕದ್ದೊಂದು ಜೊಳ್ಳು ಎಂದುಕೊಂಡ. ಒಂದು ಜೊಳ್ಳು ಕಂಡರೆ ಹೊಲವನ್ನೇ ಸುಡುತ್ತಾರೆಯೇ?

ಈಗ ಅವನ ರಾತ್ರಿಗಳು ಮಾಡದೆ ಹೋದ ಆ ಒಂದು ಫೋನಿನ ಲೆಕ್ಕದಲ್ಲಿ ನಿದ್ದೆಯಿಲ್ಲದೆ ಕಳೆಯುತ್ತಿದ್ದವು.

ಭಾನುವಾರ ಚರ್ಚಿನ ನಂತರ ಗ್ಯಾರೆಟ್ ಮಗುವನ್ನು ತಾತನ ಮನೆಗೆ ಬಿಡುತ್ತಿದ್ದ. ಕೋರ್ಟು ಹೇಳಿದ್ದರಿಂದಲ್ಲ, ತಾನಾಗಿಯೇ. ಕುಡಿಯುವುದನ್ನು ಬಿಟ್ಟಿದ್ದಾನೆ ಎಂದು ಊರು ಹೇಳುತ್ತಿತ್ತು. ಊರ ಹೊರಗಿನ ದೊಡ್ಡ ಹುಲ್ಲುಗಾವಲಿನಲ್ಲಿ ದನ ನೋಡಿಕೊಳ್ಳುವ ಆಳಿನ ಕೆಲಸ, ಧಣಿ ಕೊಟ್ಟ ಸಣ್ಣ ಮನೆ. ಮದುವೆಯ ಹೊಸದರಲ್ಲಿ ಮಾವನನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಈಗ ‘ಸರ್’ ಎನ್ನುತ್ತಿದ್ದ. ಟಿಲ್ಲಿಯ ಕೂದಲನ್ನು ತಾನೇ ಹೆಣೆಯುತ್ತಿದ್ದ. ಜಡೆ ಒಂದು ಮೇಲೆ, ಒಂದು ಕೆಳಗೆ. ಆರಿನ್ ಬಾಗಿಲಲ್ಲಿ ನಿಂತು ಆ ಸೊಟ್ಟ ಜಡೆಗಳನ್ನು ನೋಡುತ್ತಿದ್ದ, ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ: ಒಮ್ಮೆ ಕೈಕೊಟ್ಟದ್ದು ಮತ್ತೆ ಕೈಕೊಡುತ್ತದೆ. ಹೊಸ ಡಬ್ಬದಲ್ಲಿಟ್ಟರೆ ರೋಗ ಹೋಗುವುದಿಲ್ಲ.

ಆ ಬೇಸಿಗೆಯಲ್ಲಿ ಡ್ರೆನ್ನನ್‌ನವರು ಒಂದು ಪ್ರಕಟಣೆ ಕೊಟ್ಟರು. ಆ ಪಿಸ್ತೂಲು ಬೆನ್ನು ಕೆಳಗಾಗಿ ಗಟ್ಟಿ ನೆಲದ ಮೇಲೆ ಬಿದ್ದರೆ ತಾನಾಗಿಯೇ ಹಾರುವ ಸಂಭವವಿದೆ. ಕಳಿಸಿಕೊಡಿ, ಸರಿಮಾಡಿ ಕೊಡುತ್ತೇವೆ. ದೂರದ ಯಾವುದೋ ಸರೋವರದಲ್ಲಿ ಮೀನು ಹಿಡಿಯುತ್ತಿದ್ದವನ ತೊಡೆಗೆ ಹಾಗೇ ಗುಂಡು ತಾಕಿತ್ತಂತೆ.

ರೈತರ ಸೊಸೈಟಿಯ ಹಿಂಬದಿಯಲ್ಲಿ ಬೆಳಗಿನ ಕಾಫಿಗೆ ಕೂರುವ ಗುಂಪಿಗೆ ಆ ಸುದ್ದಿ ತಂದವನು ಹಬ್ ಕ್ರೆಸಲ್, ಆರಿನ್‌ನ ಶಾಲೆಯ ಗೆಳೆಯ.

“ಕೇಳಿದ್ರೇನ್ರಪ್ಪಾ, ಡ್ರೆನ್ನನ್‌ನವರು ಏನು ಹೇಳ್ತಿದಾರೆ ಅಂತ…” ಎಂದು ಶುರು ಮಾಡಿದವನು ಮೂಲೆಯಲ್ಲಿ ಕುಳಿತಿದ್ದ ಆರಿನ್‌ನನ್ನು ಕಂಡು ಬಾಯಿ ಮುಚ್ಚಿದ.

“ಹೇಳಯ್ಯಾ. ನನ್ನ ಮುಂದೆ ಆ ಹೆಸರು ಎತ್ತಬಾರದು ಅಂತೇನಿಲ್ಲ,” ಎಂದ ಆರಿನ್.

ಹಬ್ ಹೇಳಿದ. ಆಮೇಲೆ ಅವನಿಗೇ ತಡೆಯಲಾಗಲಿಲ್ಲ. “ಎಳೆದ್ರೆ ಹಾರಲ್ಲ, ಬೀಳಿಸಿದ್ರೆ ಹಾರುತ್ತೆ! ಕಳ್ಳ ಮನೆಗೆ ನುಗ್ಗಿದ್ರೆ ಅದನ್ನ ಅವನ ಕೈಗೇ ಕೊಟ್ಟು, ಅಣ್ಣಾ ಸ್ವಲ್ಪ ನಿನ್ನ ಕಾಲಮೇಲೆ ಬೀಳಿಸ್ಕೊಳಪ್ಪಾ ಅಂತ ಬೇಡ್ಕೋಬೇಕು.”

“ಪುಕ್ಕಟೆ ಸರಿ ಮಾಡ್ಕೊಡ್ತಾರಂತಲ್ಲ,” ಎಂದ ದನದ ಡಾಕ್ಟರು ಎಲ್ಡನ್. ಎಲ್ಲದರಲ್ಲೂ ಒಳ್ಳೆಯದನ್ನೇ ಕಾಣುವ ಮನುಷ್ಯ. “ಕಂಪನಿ ಕೈ ಬದಲಾಗಿದೆಯಂತೆ. ತಪ್ಪು ಅಂತ ಅವರೇ ಒಪ್ಕೊಂಡಿದಾರೆ. ಇನ್ನೊಂದು ಸಲ ನಂಬಿ ನೋಡಬಹುದು.”

“ನೀನು ಮೂರನೇ ಹೆಂಡ್ತೀನೂ ಹಿಂಗೇ ನಂಬಿದ್ದೆ ಕಣಯ್ಯ,” ಎಂದ ಹಬ್.

ನಗು ಎದ್ದಿತು. ಆ ಸೀಮೆಯ ಪೊಲೀಸರ ಮುಖ್ಯಸ್ಥ ಶೆರಿಫ್ ಮಾರ್ಲಿನ್ ವೋಂಡ್ರಾ ಮಾತ್ರ ನಗಲಿಲ್ಲ. ಲೀಟಾಳ ದೇಹದ ಮೇಲೆ ತನ್ನ ಕೋಟು ಹೊದಿಸಿದವನು ಅವನೇ. “ನನ್ನ ಹುಡುಗರಿಗೆ ಹೇಳಿದೀನಿ, ಆ ಹೆಸರಿರೋ ಸಾಮಾನು ನನ್ನ ಆಫೀಸಿನ ಬಾಗಿಲು ದಾಟಬಾರದು ಅಂತ,” ಎಂದ. “ಈ ಸುತ್ತಿನಲ್ಲಿ ಇನ್ನೂ ಎಷ್ಟು ಮನೇಲಿವೆಯೋ. ಒಬ್ಬನೂ ಕಳಿಸಲ್ಲ ನೋಡ್ತಿರಿ. ಯಾವನಾದ್ರೂ ಒಬ್ಬ ಸಾಯೋ ತನಕ ನಮ್ಮ ಜನಕ್ಕೆ ಬುದ್ಧಿ ಬರಲ್ಲ.”

“ಯಾಕೆ ಕಳಿಸಬೇಕು?” ಎಂದ ಆರಿನ್. “ನಾನು ಕಳಿಸಿದ್ನಲ್ಲ. ಡಬ್ಬ ಹೊಸದು ಬಂತು, ಸಾಮಾನು ಹಳೇದೇ. ಅವರ ಮಾತು ಅಷ್ಟೇನೆ.”

ಅಂಗಡಿಗೆ ಬಂದು ಬೀಗ ತೆಗೆಯುವಾಗ ಶೆರಿಫ್‌ನ ಮಾತು ಅವನ ಜೊತೆಯಲ್ಲೇ ಒಳಗೆ ಬಂದಿತ್ತು. ಯಾವನಾದರೂ ಒಬ್ಬ ಸಾಯುವ ತನಕ. ಆ ಮೂರನೆಯ ಡ್ರೆನ್ನನ್ ಇನ್ನೂ ಗ್ಯಾರೆಟ್‌ನ ಹತ್ತಿರವೇ ಇತ್ತು. ಪೊಲೀಸರು ತೆಗೆದುಕೊಂಡ ರಿವಾಲ್ವರನ್ನು ಅವನು ವಾಪಸು ಕೇಳಲೇ ಇಲ್ಲ. ಹುಲ್ಲುಗಾವಲಿನಲ್ಲಿ ಬುಡುಬುಡಿಕೆ ಹಾವಿಗೆ, ಕಾಲು ಮುರಿದ ಕರುವಿಗೆ ಏನಾದರೂ ಬೇಕಲ್ಲ, ಮಾವ ಕೊಟ್ಟ ಪಿಸ್ತೂಲನ್ನೇ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಹೆಂಡತಿಗೆ ಕೈಕೊಟ್ಟು ತನ್ನ ಜೀವ ಉಳಿಸಿದ ಹೆಸರು. ಅವನ ಪಾಲಿಗೆ ಅದೃಷ್ಟದ್ದೇ ಇರಬೇಕು ಎಂದು ಆರಿನ್ ಕಹಿಯಾಗಿ ನೆನೆದ.

ಬೇಸಿಗೆ ಕಳೆಯಿತು, ಹುಲ್ಲು ಕೊಯ್ದು ಸುರುಳಿ ಸುತ್ತಿದರು, ಹುಡುಗರ ಫುಟ್‌ಬಾಲ್ ಆಟ ಶುರುವಾಯಿತು. ಆರಿನ್ ಅವಸರ ಮಾಡಲಿಲ್ಲ. ಮೊದಲು ತನ್ನದೇ ಪಿಸ್ತೂಲನ್ನು ಹೊರತೆಗೆದ. ಗುಂಡು, ಮದ್ದು ಎರಡನ್ನೂ ತೆಗೆದು ಬೆನ್ನಿನ ಕೇಪೊಂದೇ ಉಳಿದ ಬರೀ ತೋಟಾವನ್ನು ಒಳಗಿಟ್ಟು, ಅಂಗಡಿಯ ಹಿಂದಿನ ಕೋಣೆಯ ಸಿಮೆಂಟು ನೆಲಕ್ಕೆ ಬೆನ್ನು ಕೆಳಗಾಗಿ ಬಿಟ್ಟ. ಒಮ್ಮೆ ಏನೂ ಆಗಲಿಲ್ಲ. ಮತ್ತೊಮ್ಮೆ ಬಿಟ್ಟ. ಪಟ್ ಎಂದಿತು. ಕೇಪು ಸುಟ್ಟ ಸಣ್ಣ ವಾಸನೆ ಮೂಗಿಗೆ ಬಂತು. ಡ್ರೆನ್ನನ್‌ನವರು ಹೇಳಿದ್ದರಲ್ಲಿ ಇದೊಂದು ಮಾತು ನಿಜ ಎಂದುಕೊಂಡ. ಎಷ್ಟೋ ತಿಂಗಳ ನಂತರ ಅವನಿಗೆ ಆ ರಾತ್ರಿ ನಿದ್ದೆ ಬಂತು.

ಯೋಚನೆ ಸರಳವಾಗಿತ್ತು, ಸರಳವಾದದ್ದರಿಂದಲೇ ಚೆನ್ನಾಗಿತ್ತು. ಗ್ಯಾರೆಟ್ ಗಾಳಿಯಂತ್ರದ ಏಣಿ ಹತ್ತುವಾಗ ಸೊಂಟದ ಪಟ್ಟಿ ಬಿಚ್ಚಿ, ಪಿಸ್ತೂಲಿನ ಒರೆಯ ಸಮೇತ ಪಿಕಪ್ ಗಾಡಿಯ ಹಲಗೆಯಂತೆ ತೆರೆದಿಳಿಸಿದ ಹಿಂಬಾಗಿಲ ಮೇಲೆ ಇಡುತ್ತಿದ್ದ. ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ ಎಂದು. ಅದನ್ನು ಆರಿನ್ ಎಷ್ಟೋ ಸಲ ಕಂಡಿದ್ದ. ಗಾಳಿಯಂತ್ರದ ಬುಡದಲ್ಲಿ ದನಗಳ ನೀರಿನ ತೊಟ್ಟಿ, ತೊಟ್ಟಿಯ ಸುತ್ತ ಕೆಸರಾಗದಂತೆ ಹಾಕಿದ ಸಿಮೆಂಟು. ಹಿಂಬಾಗಿಲಿಂದ ಜಾರಿದ ಪಿಸ್ತೂಲು ಸಿಮೆಂಟಿಗೆ ಬೀಳುತ್ತದೆ, ಹಾರುತ್ತದೆ, ಪಕ್ಕದಲ್ಲಿ ಬಗ್ಗಿ ಸ್ಪ್ಯಾನರು ಹುಡುಕುತ್ತಿದ್ದವನಿಗೆ ತಾಕುತ್ತದೆ. ಗುಂಡು ಕೆಳಗಿನಿಂದ ಮೇಲಕ್ಕೆ ಹೋಗಿರಬೇಕು, ಅಷ್ಟೆ. ಆರಿನ್ ಮಂಡಿಯೂರಬೇಕಾಗುತ್ತದೆ. ಮಂಡಿನೋವಿಗೆ ಡಾಕ್ಟರು ಹೇಳಿದ ವ್ಯಾಯಾಮವನ್ನು ಅವನು ಎರಡು ವರ್ಷದಲ್ಲಿ ಮೊದಲ ಬಾರಿಗೆ ತಪ್ಪದೆ ಮಾಡತೊಡಗಿದ.

ಕೈಗವಸು? ನವೆಂಬರಿನಲ್ಲಿ ಕೈಗವಸು ಹಾಕದವನೇ ಸುದ್ದಿ. ಆಮೇಲೆ ಅದನ್ನು ಎಲೆಗಳ ಜೊತೆ ಪೀಪಾಯಿಯಲ್ಲಿ ಸುಡುವುದು. ಊರಿಗೆ ಊರೇ ಆ ತಿಂಗಳು ಎಲೆ ಸುಡುತ್ತದೆ. ಗಾಡಿಯ ಗುರುತು? ಹೆಪ್ಪುಗಟ್ಟಿದ ನೆಲ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಆ ದಾರಿಯಲ್ಲಿ ಅವನ ಪಿಕಪ್ಪನ್ನು ಯಾರಾದರೂ ಕಂಡರೆ? ಅವನು ಬೇಲಿಯ ಮೊಳೆ ತಲುಪಿಸಲು ವಾರಕ್ಕೊಮ್ಮೆ ಆ ದಾರಿಯಲ್ಲೇ ಹೋಗುವವನು. ಅವತ್ತೂ ಹಬ್‌ನ ಜಗಲಿಯಲ್ಲಿ ಒಂದು ಡಬ್ಬ ಇಟ್ಟು ಬರುತ್ತಾನೆ.

ಒಂದೇ ಒಂದು ಅಡ್ಡಿ ಇತ್ತು, ಅದನ್ನೂ ಅವನು ಮರೆತಿರಲಿಲ್ಲ. ಗ್ಯಾರೆಟ್ ಆ ಪಿಸ್ತೂಲನ್ನು ಕಂಪನಿಗೆ ಕಳಿಸಿ ಸರಿಮಾಡಿಸಿಕೊಂಡಿದ್ದರೆ? ಆರಿನ್ ಅದನ್ನು ಕೂಲಂಕಷವಾಗಿಯೇ ಯೋಚಿಸಿದ. ಮದುವೆಯಾದಾಗಿನಿಂದ ಆ ಮನುಷ್ಯನನ್ನು ಕಂಡಿದ್ದಾನೆ. ಸೋರುವ ಸೂರಿನಡಿ ಬಕೆಟ್ಟು ಇಟ್ಟು ಚಳಿಗಾಲ ಕಳೆದವನು. ಪಿಕಪ್ಪಿನ ಹೊಗೆ ಕೊಳವೆ ರಸ್ತೆಗೆ ಕಳಚಿ ಬೀಳುವ ತನಕ ತಂತಿಯಲ್ಲಿ ಕಟ್ಟಿಕೊಂಡು ಓಡಿಸಿದವನು. ಲೀಟಾ ಹತ್ತು ಸಲ ಹೇಳಿದರೂ ಒಂದು ಗಾಜು ಹಾಕಿಸದವನು, ಡಬ್ಬ ಕಟ್ಟಿ ಅಂಚೆಗೆ ಹಾಕುವ ಆಸಾಮಿಯೇ? ಕೇಳಿ ತಿಳಿದುಕೊಳ್ಳಬಹುದಿತ್ತು. ಆದರೆ ಕೇಳಿದ ಮಾತು ನಾಳೆ ಯಾರದಾದರೂ ನೆನಪಿನಲ್ಲಿ ಉಳಿಯುತ್ತದೆ. ಕೇಳದಿರುವುದೇ ಜಾಣತನ. ಇನ್ನು ಹಾಗೊಮ್ಮೆ ಕಳಿಸಿದ್ದನೆಂದೇ ಇಟ್ಟುಕೊಳ್ಳೋಣ. ಡ್ರೆನ್ನನ್‌ನವರು ಸರಿಮಾಡಿ ಕಳಿಸುತ್ತಾರೆಯೇ? ಈ ಪ್ರಶ್ನೆಗೆ ಅವನಿಗೆ ನಗು ಬಂತು. ಜಗತ್ತಿನಲ್ಲಿ ಅವನಷ್ಟು ಚೆನ್ನಾಗಿ ಅದರ ಉತ್ತರ ಬಲ್ಲವರಿರಲಿಲ್ಲ.

ದಿನವನ್ನು ಗೊತ್ತು ಮಾಡಿಕೊಟ್ಟವನು ಗ್ಯಾರೆಟ್ಟೇ. ಭಾನುವಾರ ಮಗುವನ್ನು ಕರೆದೊಯ್ಯಲು ಬಂದಾಗ ಟೋಪಿ ಕೈಯಲ್ಲಿ ಹಿಡಿದು ಹೊಸಿಲ ಹೊರಗೇ ನಿಂತ.

“ಸರ್, ಶುಕ್ರವಾರ ಒಂದು ಉಪಕಾರ ಆಗಬೇಕಿತ್ತು. ಶಾಲೇಲಿ ಟಿಲ್ಲಿಗೆ ನಾಟಕದ ಅಭ್ಯಾಸ ಇದೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ್ದು. ನಾನು ಆ ಕಡೆ ದೂರದ ಗಾಳಿಯಂತ್ರದ ಹತ್ರ ಇರ್ತೀನಿ. ಪಂಪಿನ ತೊಗಲು ಸವೆದು ನೀರೇ ಎತ್ತುತ್ತಿಲ್ಲ. ನೀವು ಕರ್ಕೊಂಡು ಬಂದು ರಾತ್ರಿ ಇಲ್ಲೇ ಇಟ್ಕೊಂಡ್ರೆ…”

“ಇಟ್ಕೋತೀನಿ,” ಎಂದ ಆರಿನ್.

“ಅವಳಿಗೆ ಒಂದು ಹಲ್ಲು ಅಲ್ಲಾಡ್ತಿದೆ. ಸೇಬು ಕೊಟ್ರೆ ಸಣ್ಣಕೆ ಹೆಚ್ಚಿ ಕೊಡಿ.”

“ನನಗೆ ಹೇಳ್ಕೊಡಬೇಡ, ನಾನೂ ಒಂದು ಹೆಣ್ಣು ಮಗು ಸಾಕಿದವನು.”

ಗ್ಯಾರೆಟ್‌ನ ಮುಖದ ರಕ್ತ ಇಳಿಯಿತು. ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ.

ಶುಕ್ರವಾರ ಮಧ್ಯಾಹ್ನ ಗಾಳಿ ಜೋರಾಗಿತ್ತು. ಅದೂ ಅನುಕೂಲವೇ. ಆರಿನ್ ಹಬ್‌ನ ಜಗಲಿಯಲ್ಲಿ ಮೊಳೆಯ ಡಬ್ಬ ಇಟ್ಟು, ಗುಡ್ಡ ಬಳಸಿ, ಒಣಹುಲ್ಲಿನ ನಡುವಿನ ಜಾಡು ಹಿಡಿದ. ಗಾಳಿಯಂತ್ರದ ಚಕ್ರವನ್ನು ಕಟ್ಟಿಹಾಕಲಾಗಿತ್ತು. ಮೇಲಿನ ಹಲಗೆಯ ಮೇಲೆ ಕುಳಿತಿದ್ದ ಗ್ಯಾರೆಟ್ ಪಿಕಪ್ಪನ್ನು ಕಂಡದ್ದೇ ಏಣಿಯಿಂದ ಹೆಚ್ಚುಕಡಿಮೆ ಜಾರಿಕೊಂಡೇ ಕೆಳಗೆ ಬಂದ.

“ಟಿಲ್ಲಿಗೆ ಏನಾಯ್ತು ಸರ್?”

“ಏನೂ ಆಗಿಲ್ಲ. ಶಾಲೇಲಿದಾಳೆ. ಹಬ್‌ನ ಮನೆಗೆ ಬಂದಿದ್ದೆ, ಇತ್ತ ತಿರುಗಿದೆ.”

ಗ್ಯಾರೆಟ್ ಉಸಿರು ಬಿಟ್ಟ. ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮುಚ್ಚಳವನ್ನು ಮುಂದೆ ಹಿಡಿದ. “ಒಂದೇ ಇರೋದು. ನೀವು ಕುಡೀರಿ, ಬಿಸಿ ಇದೆ.”

ಆರಿನ್ ಅದನ್ನು ತೆಗೆದುಕೊಳ್ಳಲಿಲ್ಲ. ಗ್ಯಾರೆಟ್ ಮುಚ್ಚಳವನ್ನು ಪಿಕಪ್‌ನ ಹಿಂಬಾಗಿಲ ಮೇಲೆ, ಪಿಸ್ತೂಲಿನ ಪಟ್ಟಿಯ ಪಕ್ಕದಲ್ಲೇ ಇಟ್ಟ. ಗಾಳಿಗೆ ಕಾಫಿಯ ಹಬೆ ಚದುರಿತು.

“ಸರ್,” ಎಂದ, ತೊಟ್ಟಿಯ ನೀರನ್ನು ನೋಡುತ್ತಾ. “ಒಂದು ಮಾತು ಬಹಳ ದಿನದಿಂದ ಹೇಳಬೇಕು ಅಂತಿದೀನಿ. ಆ ಸಂಜೇದು. ಕೋರ್ಟಲ್ಲಿ ಹೇಳಿದ್ದಲ್ಲ, ಅದರ…”

“ಬೇಡ,” ಎಂದ ಆರಿನ್.

“ನಿಮಗೆ ಗೊತ್ತಿರಬೇಕು ಅಂತ…”

“ಬೇಡ ಅಂದೆನಲ್ಲ. ನಿನ್ನ ಕೆಲಸ ನೋಡು.”

ಗ್ಯಾರೆಟ್ ತಲೆಯಾಡಿಸಿದ, ಬೈಸಿಕೊಂಡ ಹುಡುಗನ ಹಾಗೆ. ಬಗ್ಗಿ ಸಾಮಾನಿನ ಪೆಟ್ಟಿಗೆಯಲ್ಲಿ ಕೈ ಆಡಿಸತೊಡಗಿದ. ಆರಿನ್ ಒರೆಯಿಂದ ಪಿಸ್ತೂಲನ್ನು ತೆಗೆದು ಒಂದು ಮಂಡಿಯೂರಿದ. ಮಂಡಿ ನೋಯಲಿಲ್ಲ. ಇದೂ ಹಾರದೆ ಹೋದರೆ ಎಂಬ ಒಂದು ಯೋಚನೆ ಬಂದು ಹೋಯಿತು. ಆ ಗಳಿಗೆಯಲ್ಲಿ ಹಾರದಿರಲಿ ಎಂದು ಬಯಸಿದನೋ ಏನೋ, ಅವನಿಗೇ ತಿಳಿಯಲಿಲ್ಲ. ಹಾರಿತು. ಸದ್ದನ್ನು ಗಾಳಿ ಎತ್ತಿಕೊಂಡು ಹೋಯಿತು. ತೊಟ್ಟಿಯ ಆಚೆ ನಿಂತಿದ್ದ ದನಗಳು ತಲೆ ಎತ್ತಿ ನೋಡಿ ಮತ್ತೆ ನೀರಿಗೆ ಬಾಯಿ ಹಾಕಿದವು.

ಪಿಸ್ತೂಲನ್ನು ಸಿಮೆಂಟಿನ ಮೇಲೆ, ಅದು ಬೀಳಬಹುದಾದ ಜಾಗದಲ್ಲಿ ಬಿಟ್ಟ. ಪಟ್ಟಿಯನ್ನು ಅರ್ಧ ಜಾರಿದಂತೆ ಎಳೆದ. ಕಾಫಿಯ ಮುಚ್ಚಳವನ್ನು ಮುಟ್ಟಲಿಲ್ಲ. ಕೆಲಸದ ನಡುವೆ ಕುಡಿಯಲೆಂದು ತನಗೇ ಬಗ್ಗಿಸಿಕೊಂಡಿದ್ದ ಎಂದುಕೊಳ್ಳುತ್ತಾರೆ. ಸುತ್ತ ಒಮ್ಮೆ ನೋಡಿದ. ಎಲ್ಲವೂ ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಕಂಡಂತೆಯೇ ಇತ್ತು. ಒಂದನ್ನು ಮಾತ್ರ ಅವನು ಮುಂಚೆ ಕಂಡಿರಲಿಲ್ಲ. ಗ್ಯಾರೆಟ್‌ನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹೇಳಬೇಕಾದ ಮಾತೊಂದನ್ನು ಹುಡುಕುತ್ತಿದ್ದವನ ಮುಖದಂತಿತ್ತು.

ಶಾಲೆಯ ಬಾಗಿಲಲ್ಲಿ ಟಿಲ್ಲಿ ಕಾಗದದ ಬಿಳಿ ಟೋಪಿ ಹಾಕಿಕೊಂಡು ನಿಂತಿದ್ದಳು. “ತಾತ, ನಾನು ಟರ್ಕಿ ಕೋಳಿ ಅಲ್ಲ, ಈ ದೇಶಕ್ಕೆ ಮೊದಲು ಹಡಗಿನಲ್ಲಿ ಬಂದ ಹೆಂಗಸು. ಟರ್ಕಿ ಪಾರ್ಟು ಬೆನ್‌ಗೆ ಸಿಕ್ತು. ಅವನು ಅತ್ತುಬಿಟ್ಟ,” ಎಂದು ಹೇಳುತ್ತಾ ಪಿಕಪ್ ಹತ್ತಿದಳು. ರಾತ್ರಿಯೂಟಕ್ಕೆ ಅವನು ಸೇಬನ್ನು ಸಣ್ಣಗೆ ಹೆಚ್ಚಿಕೊಟ್ಟ.

ಶನಿವಾರ ಬೆಳಿಗ್ಗೆ ಗ್ಯಾರೆಟ್‌ನ ಧಣಿಗೆ ಹೆಣ ಸಿಕ್ಕಿತು. ಆಮೇಲೆ ನಡೆದದ್ದೆಲ್ಲ ಆರಿನ್ ಎಣಿಸಿದಂತೆಯೇ ನಡೆಯಿತು, ಇನ್ನೂ ಸಲೀಸಾಗಿ ನಡೆಯಿತು. ಶೆರಿಫ್ ವೋಂಡ್ರಾ ಸಿಮೆಂಟನ್ನು ನೋಡಿದ, ಪಟ್ಟಿಯನ್ನು ನೋಡಿದ, ಪಿಸ್ತೂಲಿನ ಮೇಲಿನ ಹೆಸರನ್ನು ನೋಡಿ ಕೆಟ್ಟ ಮಾತೊಂದನ್ನು ಆಡಿದ. ಸೊಸೈಟಿಯ ಕಾಫಿ ಗುಂಪಿನಲ್ಲಿ ಎಲ್ಡನ್ ಕೂಡ ಡ್ರೆನ್ನನ್‌ನವರ ಪರ ಮಾತಾಡಲಿಲ್ಲ. ಹಬ್ ಮಾತ್ರ ಆರಿನ್‌ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, “ದೇವರು ನಿಧಾನ ಕಣಯ್ಯ, ಆದ್ರೆ ಮರೆಯೋನಲ್ಲ,” ಎಂದ. ಆರಿನ್ ಕಾಫಿಯ ಲೋಟ ಬರಿದು ಮಾಡಿ ಅಂಗಡಿಗೆ ಹೊರಟ.

ಸಮಾಧಿಯ ದಿನ ಚರ್ಚಿನ ಹೆಂಗಸರು ತಟ್ಟೆ ತಟ್ಟೆಯಾಗಿ ಅಡುಗೆ ತಂದು ಅವನ ಫ್ರಿಜ್ಜನ್ನು ತುಂಬಿದರು. ಟಿಲ್ಲಿಯ ಬಟ್ಟೆ, ಬೊಂಬೆ ಎಲ್ಲ ಲೀಟಾಳ ಹಳೆಯ ಕೋಣೆಗೆ ಬಂದವು. ಇದಕ್ಕಾಗಿಯೇ ಅವನು ಇಷ್ಟೆಲ್ಲ ಮಾಡಿದ್ದು. ಆ ಕೋಣೆಯ ಕಿಟಕಿಯಲ್ಲಿ ಮತ್ತೆ ದೀಪ ಕಾಣಬೇಕು. ಅಷ್ಟು ಕಂಡರೆ ತಲೆಯೊಳಗೆ ಕೇಳುತ್ತಲೇ ಇದ್ದ ಆ ಟಿಕ್ ಸದ್ದು ನಿಲ್ಲುತ್ತದೆ ಎಂದುಕೊಂಡಿದ್ದ. ದೀಪ ಕಂಡಿತು. ಮಗು ರಾತ್ರಿ ಅಳಲಿಲ್ಲ, ಹಟ ಮಾಡಲಿಲ್ಲ. ಬೆಳಿಗ್ಗೆ ಬಾಚಣಿಗೆ ಹಿಡಿದು ಅವನ ಮುಂದೆ ಬಂದು ಕೂತಳು, ಅಷ್ಟೆ. ಆರಿನ್ ಹೆಣೆದ. ಜಡೆಗಳು ಸಮವಾಗಿ ಬಂದವು. ಅವಳು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡು, ಒಂದನ್ನು ಬಿಚ್ಚಿ, “ಇದು ಹೀಗಲ್ಲ,” ಎಂದಳು. “ಇದು ಸ್ವಲ್ಪ ಕೆಳಗಿರಬೇಕು.”

ಅವನು ಮತ್ತೆ ಹೆಣೆದ, ಕೆಳಗೆ.

ಟಿಕ್ ಎಂಬ ಸದ್ದು ನಿಂತಿರಲಿಲ್ಲ. ಅದರ ಪಕ್ಕದಲ್ಲಿ ಈಗ ಇನ್ನೊಂದು ಬಂದು ಕುಳಿತಿತ್ತು. ಸರ್, ಒಂದು ಮಾತು. ಏನಿದ್ದಿರಬಹುದು ಆ ಮಾತು? ತಾನು ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದೋ? ಲೀಟಾ ಕೊನೆಗೆ ಏನೋ ಅಂದಳು ಎಂದೋ? ಎರಡರಲ್ಲಿ ಯಾವುದನ್ನಾದರೂ ಕೇಳಿಸಿಕೊಳ್ಳಲು ಅವನು ಅಂಗಡಿಯನ್ನೇ ಬರೆದುಕೊಡುತ್ತಿದ್ದ. ‘ಬೇಡ’ ಎಂದವನು ತಾನೇ.

ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲಿನ ಶನಿವಾರ, ಬೆಳಗಿನ ತಿಂಡಿಯ ಹೊತ್ತಿಗೆ, ವೋಂಡ್ರಾ ಬಂದ. ಹೊಸಿಲಲ್ಲಿ ಬೂಟಿನ ಹಿಮ ಕೊಡವಿ, ಟೋಪಿಯನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ ಕುಳಿತ. ಆರಿನ್ ಅವನಿಗೂ ಎರಡು ಪ್ಯಾನ್‌ಕೇಕು ಹಾಕಿದ. ಟಿಲ್ಲಿ ಎದುರಿಗೆ ಕುಳಿತು ತನ್ನದನ್ನು ಫೋರ್ಕಿನಿಂದ ಕುಯ್ಯುತ್ತಿದ್ದಳು. ಹಲ್ಲು ಬಿದ್ದು ಬಾಯಲ್ಲಿ ಕಿಂಡಿ ಬಿದ್ದಿತ್ತು.

“ಮುಗಿಸಿಬಿಡ್ತೀನಿ ಆರಿನ್, ಸೋಮವಾರ,” ಎಂದ ವೋಂಡ್ರಾ ದನಿ ತಗ್ಗಿಸಿ. “ಆಕಸ್ಮಿಕ ಅಂತ. ಆ ದರಿದ್ರದ ಸಾಮಾನು ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟಿದೀನಿ, ಮುಟ್ಟಕ್ಕೂ ಮನಸ್ಸಿಲ್ಲ. ಪರೀಕ್ಷೆಗೆ ಕಳಿಸೋದು ಏನಿದೆ? ಬಿದ್ರೆ ಹಾರುತ್ತೆ ಅಂತ ಮಾಡಿದೋರೇ ಹೇಳಿದಾರಲ್ಲ.”

“ನಿನಗೆ ಸರಿ ಕಂಡಂಗೆ ಮಾಡು,” ಎಂದ ಆರಿನ್.

“ವಕೀಲರು ಯಾರಾದ್ರೂ ಬಂದೇ ಬರ್ತಾರೆ ನಿನ್ನ ಹತ್ರ, ಕಂಪನಿ ಮೇಲೆ ದಾವೆ ಹಾಕೋಣ, ಮಗುವಿನ ಹೆಸರಲ್ಲಿ ಅಂತ.”

“ನನಗೆ ಅವರಿಂದ ಏನೂ ಬೇಡ. ಅವರ ಸಹವಾಸ ಸಾಕಪ್ಪಾ.”

“ಅದೂ ಸರಿಯೇ.” ವೋಂಡ್ರಾ ಸಿರಪ್ಪಿನ ಬಾಟಲಿಗೆ ಕೈ ಚಾಚಿದ. “ಎಷ್ಟು ಮೇಲಿಂದ ಬಿತ್ತು ಅಂತೀಯ? ಹಿಂಬಾಗಿಲಿಂದ ನೆಲಕ್ಕೆ. ಅಷ್ಟಕ್ಕೇ ಒಂದು ಜೀವ.”

ಟಿಲ್ಲಿ ತಲೆಯೆತ್ತಿದಳು. “ಅಪ್ಪನ ಪಿಸ್ತೂಲಾ?” ಎಂದು ಕೇಳಿ, ದೊಡ್ಡವರಿ­ಗೆ ತಿಳಿಯದ್ದನ್ನು ತಿಳಿಸಿಹೇಳುವ ತಾಳ್ಮೆಯಲ್ಲಿ ತಲೆ ಅಲ್ಲಾಡಿಸಿದಳು. “ಅದು ಬಿದ್ರೂ ಏನೂ ಆಗಲ್ಲ. ಬೇಸಿಗೇಲಿ ಅಪ್ಪ ಅದನ್ನ ಮಾಡಿದೋರಿಗೇ ಕಳಿಸಿದ್ದ, ಡಬ್ಬಕ್ಕೆ ಟೇಪು ಹಾಕೋವಾಗ ನಾನೇ ಬೆರಳಿಟ್ಟು ಹಿಡ್ಕೊಂಡಿದ್ದೆ. ವಾಪಸ್ ಬಂದ ಮೇಲೆ ಗುಂಡು, ಮದ್ದು ತೆಗೆದ ಬರೀ ತೋಟಾ ಹಾಕಿ, ಅಡುಗೆಮನೆ ನೆಲಕ್ಕೆ ಬೀಳಿಸ್ದ, ಮತ್ತೆ ಬೀಳಿಸ್ದ, ಕುರ್ಚಿ ಮೇಲೆ ನಿಂತ್ಕೊಂಡೂ ಬೀಳಿಸ್ದ. ಒಂದು ಸಲಾನೂ ಪಟ್ ಅನ್ಲಿಲ್ಲ. ಚೆನ್ನಾಗಿ ಮಾಡಿದಾರೆ ಅಂದ.” ವೋಂಡ್ರಾ ಫೋರ್ಕನ್ನು ಸದ್ದಾಗದಂತೆ ತಟ್ಟೆಯ ಅಂಚಿಗೆ ಇಟ್ಟ. ಆರಿನ್‌ನ ಕಡೆ ನೋಡಲಿಲ್ಲ. ಮಗುವಿನ ಕಡೆಗೇ ಬಗ್ಗಿ, ಬಹಳ ಮೃದುವಾಗಿ, “ಅಪ್ಪ ಯಾಕಮ್ಮ ಅಷ್ಟು ಸಲ ಬೀಳಿಸಿ ನೋಡ್ದ?” ಎಂದು ಕೇಳಿದ. ಒಲೆಯ ಮೇಲೆ ಮೂರನೆಯ ಪ್ಯಾನ್‌ಕೇಕು ಸೀಯುತ್ತಿತ್ತು. ಆರಿನ್‌ಗೆ ಎದ್ದು ಅದನ್ನು ಮಗುಚಲು ಆಗಲಿಲ್ಲ. “ನಾನೂ ಅದೇ ಕೇಳ್ದೆ,” ಎಂದಳು ಟಿಲ್ಲಿ, ಬೆರಳಿಗಂಟಿದ ಸಿರಪ್ಪನ್ನು ನೆಕ್ಕುತ್ತಾ. “ಮನೇಲಿ ನೀನು ಓಡಾಡ್ತೀಯಲ್ಲ ಮಗಳೇ, ಅದಕ್ಕೆ ಅಂದ.”